ಓದುಗರ ಪ್ರಶ್ನೆ: ಮದ್ದಿದ್ದೂ ಕೊಡದ ಡಾಕ್ಟರ್

ಪ್ರಶ್ನೆ: ‘ಸ್ಟಾರ್ ಟ್ರೆಕ್: ಎಂಟರ್‌ಪ್ರೈಸ್’ ಎಂಬ ಟಿವಿ ಸರಣಿಯ ‘ಡಿಯರ್ ಡಾಕ್ಟರ್’ ಎಪಿಸೋಡ್‌ನಲ್ಲಿ ಬಾಹ್ಯಾಕಾಶ ನೌಕೆಯ ವೈದ್ಯ ಡಾ. ಫ್ಲಾಕ್ಸ್, ರೋಗದಿಂದ ಅಳಿಯುತ್ತಿರುವ ವಲಾಕಿಯನ್ನರೆಂಬ ಅನ್ಯಗ್ರಹದ ಜನಾಂಗಕ್ಕೆ ಮದ್ದು ಕಂಡುಹಿಡಿದೂ ಕೊಡುವುದಿಲ್ಲ. ಬೇರೆ ಲೋಕದವರ ಬದುಕಿನಲ್ಲಿ ತಲೆಹಾಕಬಾರದೆನ್ನುವ ‘ಪ್ರೈಮ್ ಡೈರೆಕ್ಟಿವ್’ ಪ್ರಕಾರ ಇದು ಸರಿ ಎನ್ನಬಹುದೇ?

ಉತ್ತರ: ಎನ್ನಲಾಗದು. 2002ರ ಈ ಎಪಿಸೋಡ್‌ನ ಕಥಾಕಾಲಕ್ಕೆ ಆ ನಿಯಮವೇ ಹುಟ್ಟಿಲ್ಲ. ಮುಂದೆ ಅಂಥದ್ದೊಂದು ಬಂದೀತು ಎಂದು ನೌಕೆಯ ಕ್ಯಾಪ್ಟನ್ ಆರ್ಚರ್ ಹೇಳುತ್ತಾನಷ್ಟೆ. ಇದ್ದಿದ್ದರೂ ಇಲ್ಲಿಗೆ ಹೊಂದುತ್ತಿರಲಿಲ್ಲ. ತಮ್ಮ ಲೋಕದಾಚೆ ಯಾರಾದರೂ ಇದ್ದಾರೆಂಬುದೇ ಗೊತ್ತಿಲ್ಲದವರ ಬದುಕು ಬುಡಮೇಲಾಗದಿರಲಿ ಎಂಬುದು ಅದರ ಮುಖ್ಯ ಉದ್ದೇಶ. ವಲಾಕಿಯನ್ನರು ಆಗಲೇ ಅನ್ಯಗ್ರಹದವರನ್ನು ಕಂಡವರು, ನೆರವು ಹುಡುಕಿಕೊಂಡೇ ನೌಕೆ ಹತ್ತಿದವರು. ಬಾಯಿಬಿಟ್ಟು ಕೇಳಿದವರಿಗೆ ಕೊಡುವುದು ತಲೆಹಾಕುವುದಲ್ಲ.

ಫ್ಲಾಕ್ಸ್‌ನ ವಾದ ಮುಗ್ಗರಿಸುವುದು ಜೀವಶಾಸ್ತ್ರದಲ್ಲಿ. ರೋಗ ಸೋಂಕಿನದಲ್ಲ, ವಂಶವಾಹಿಯದು. ಅದೇ ಗ್ರಹದ ಮೆಂಕ್ ಜನಾಂಗಕ್ಕೆ ಅದು ಬರುವುದಿಲ್ಲ, ಅವರ ಬುದ್ಧಿಶಕ್ತಿ ಬೆಳೆಯುತ್ತಿದೆ. ಹಾಗಾಗಿ ವಲಾಕಿಯನ್ನರನ್ನು ಉಳಿಸಿದರೆ ಮೆಂಕ್‌ಗಳ ಏಳಿಗೆಗೆ ಅಡ್ಡಬಂದಂತೆ ಎನ್ನುತ್ತಾನೆ. ಆದರೆ ವಿಕಾಸಕ್ಕೆ ಗುರಿಯೆಂಬುದಿಲ್ಲ. ಇವರ ಸರದಿ ಮುಗಿಯಿತು, ಇನ್ನು ಅವರದು ಎಂದು ಅದು ಪಾಳಿ ಹಚ್ಚುವುದಿಲ್ಲ. ಮೆಂಕ್‌ಗಳನ್ನು ಹಿಂದೆ ಇಟ್ಟಿರುವುದು ಅವರಿಗೆ ಫಲವತ್ತಾದ ನೆಲ ಬಿಟ್ಟುಕೊಡದ ವ್ಯವಸ್ಥೆ. ಅದಕ್ಕೆ ಪರಿಹಾರ ಮಾತುಕತೆ. ಒಂದು ಇಡೀ ಜನಾಂಗದ ಸಾವು ಅದಕ್ಕೆ ಹೇಗೆ ಪರಿಹಾರವಾದೀತು?

ಕೊನೆಗೆ ಆರ್ಚರ್ ರೋಗಲಕ್ಷಣ ತಗ್ಗಿಸುವ ಔಷಧ ಮಾತ್ರ ಕೊಟ್ಟು ಹೊರಡುತ್ತಾನೆ. ಅದೂ ಹಸ್ತಕ್ಷೇಪವೇ, ಅರ್ಧಮರ್ಧದ್ದು. ಪೂರ್ತಿ ಮದ್ದಿನ ಸಂಗತಿಯನ್ನು ಮುಚ್ಚಿಟ್ಟದ್ದು ನನಗಂತೂ ಕೊಡದೆ ಹೋದದ್ದಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ.

ಪ್ರಶ್ನೆ: ಹಾಗಾದರೆ ಆ ನಿಯಮವೇ ಬೇಡವೇ?

ಉತ್ತರ: ಖಂಡಿತ ಬೇಕು. ಸ್ಟಾರ್ ಟ್ರೆಕ್‌ನದೇ ಇನ್ನೊಂದು ಸರಣಿ ‘ನೆಕ್ಸ್ಟ್ ಜನರೇಷನ್’ನ ‘ಹೂ ವಾಚಸ್ ದ ವಾಚರ್ಸ್’ (1989) ನೋಡಿ. ಹೊರಲೋಕದ ಅರಿವಿಲ್ಲದ ಮಿಂಟಾಕನ್ನರೆಂಬ ಜನರನ್ನು ಮರೆಯಲ್ಲಿ ಕೂತು ಗಮನಿಸುವ ಠಾಣೆ ಅಪಘಾತದಿಂದ ಬಯಲಾಗುತ್ತದೆ. ಅವರಲ್ಲಿ ಗಾಯಗೊಂಡ ಲೀಕೋನನ್ನು ನೌಕೆಯ ವೈದ್ಯೆ ಡಾ. ಕ್ರಷರ್ ನೌಕೆಗೆ ಒಯ್ದು ಬದುಕಿಸುತ್ತಾಳೆ, ನೆನಪನ್ನೂ ಅಳಿಸಲು ನೋಡುತ್ತಾಳೆ. ನೆನಪು ಅಳಿಯುವುದಿಲ್ಲ. ಊರಿಗೆ ಮರಳಿದವನು ಕ್ಯಾಪ್ಟನ್ ಪಿಕಾರ್ಡ್‌ನನ್ನು ದೇವರೆಂದು ಸಾರುತ್ತಾನೆ. ದೇವರನ್ನು ಮೆಚ್ಚಿಸಲು ಸಿಕ್ಕಿಬಿದ್ದ ನೌಕೆಯ ಅಧಿಕಾರಿ ಟ್ರಾಯ್‌ಯನ್ನು ಕೊಲ್ಲುವ ಮಾತೂ ಬರುತ್ತದೆ. ಪಿಕಾರ್ಡ್ ಅಲ್ಲಿನ ನಾಯಕಿ ನೂರಿಯಾಳನ್ನು ನೌಕೆಗೆ ಕರೆತಂದು, ಚಿಕಿತ್ಸೆ ಫಲಿಸದೆ ಒಬ್ಬಳು ಪ್ರಾಣ ಬಿಡುವುದನ್ನು ಕಣ್ಣಾರೆ ತೋರಿಸುತ್ತಾನೆ. ನೌಕೆಯವರಿಗೂ ಸಾವಿದೆ ಎಂದು ಅವಳಿಗೆ ಮನವರಿಕೆಯಾಗುವುದು ಆಗಲೇ. ಕೆಟ್ಟದ್ದು ಗುಟ್ಟಿನಿಂದ, ಸರಿಹೋದದ್ದು ನಿಜ ಹೇಳಿದ್ದರಿಂದ.

ಪ್ರಶ್ನೆ: ಕಾಲೇಜಿನ ಚರ್ಚಾಕೂಟಕ್ಕೆ ಒಂದೇ ಎಪಿಸೋಡ್ ಆರಿಸುವುದಾದರೆ?

ಉತ್ತರ: ಅದೇ ಸರಣಿಯ ‘ಪೆನ್ ಪಾಲ್ಸ್’ (1989). ಸುಮಾರು 45 ನಿಮಿಷದ್ದು. ಚರ್ಚೆ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಭೂಕಂಪಗಳಿಂದ ಒಡೆದುಹೋಗುತ್ತಿರುವ ಗ್ರಹದಿಂದ ಸರ್ಜೆಂಕಾ ಎಂಬ ಬಾಲಕಿ ರೇಡಿಯೋದಲ್ಲಿ ಕರೆಯುತ್ತಾಳೆ, ನೌಕೆಯ ಯಂತ್ರಮಾನವ ಅಧಿಕಾರಿ ಡೇಟಾ ಉತ್ತರಿಸಿಬಿಟ್ಟಿರುತ್ತಾನೆ. ಪಿಕಾರ್ಡ್‌ನ ಕೋಣೆಯಲ್ಲಿ ಅಧಿಕಾರಿಗಳು ಅವಳ ಗ್ರಹಕ್ಕೆ ನೆರವಾಗಬೇಕೇ ಬೇಡವೇ ಎಂದು ವಾದಿಸುವಾಗ, ಅವಳ ದನಿ ಕೇಳಿಸುವ ಮುಂಚೆಯೇ ನಿಲ್ಲಿಸಿ ಕೈ ಎತ್ತಿಸಿ. ದನಿ ಕೇಳಿಸಿ ಮತ್ತೊಮ್ಮೆ ಎತ್ತಿಸಿ. ಮನಸ್ಸು ಬದಲಿಸಿದವರನ್ನು ಕೇಳಿ: ಗ್ರಹದ ಬಗ್ಗೆ ಆ ದನಿ ಹೊಸದೇನು ತಿಳಿಸಿತು? ಸಾಮಾನ್ಯವಾಗಿ ಇಂಥ ಚರ್ಚೆ ನಿಯಮದ ಅಕ್ಷರಕ್ಕೆ ಜೋತುಬಿದ್ದು ದಾರಿ ತಪ್ಪುತ್ತದೆ. ಈ ಪ್ರಶ್ನೆ ಅದನ್ನು ತಡೆಯುತ್ತದೆ. ಇನ್ನೊಮ್ಮೆ ನಿಲ್ಲಿಸಬೇಕಾದದ್ದು ಡಾ. ಪುಲಾಸ್ಕಿ ಆ ಹುಡುಗಿಯ ನೆನಪು ಅಳಿಸುವಲ್ಲಿ. ಅವಳ ಒಪ್ಪಿಗೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಈ ಎರಡನೆಯ ಚರ್ಚೆಗೆ ಅರ್ಧಗಂಟೆಯಾದರೂ ಉಳಿಸಿಕೊಳ್ಳಿ.