ಸೀಳುತುಟಿ ಕ್ಯಾಂಪಿಗೆ ಹೊರಟೋರಿಗೆ, ಕ್ಯಾಂಪ್ ಬರುತ್ತೆ ಅಂತ ಕಾಯ್ತಾ ಕೂತೋರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ವು, ಅದಕ್ಕೇ ಒಟ್ಟಿಗೆ ತಗೊಂಡಿದೀನಿ. ನಾನು ಮಕ್ಕಳ ಆಪರೇಷನ್‌ಗೆ ಅನಸ್ತೇಷಿಯಾ (ಅರಿವಳಿಕೆ) ಕೊಡೋ ಡಾಕ್ಟರ್. ಕೆಲವು ವರ್ಷ ರಜ ಹಾಕಿ ಹೊರದೇಶದ ಸೀಳುತುಟಿ ಕ್ಯಾಂಪ್‌ಗಳಿಗೂ (ಹುಟ್ಟುತ್ತಲೇ ತುಟಿ ಸೀಳಿರೋ ಮಕ್ಕಳಿಗೆ ಆಪರೇಷನ್ ಮಾಡೋ ಕ್ಯಾಂಪ್) ಹೋಗಿ ಬಂದಿದೀನಿ, ಹಾಗಾಗಿ ಇಲ್ಲಿ ಹೇಳೋದರಲ್ಲಿ ಜಾಸ್ತಿ ಭಾಗ ಮಗುವಿನ ತಲೆ ಹತ್ರ ನಿಂತು ಕಣ್ಣಾರೆ ನೋಡಿದ್ದು.

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಓಟಿ ನರ್ಸ್, ಊರು ಪುತ್ತೂರು. ಎಂಟು ವರ್ಷ ಅನುಭವ ಇದೆ. ನಮ್ಮ ಆಸ್ಪತ್ರೆಯ ಫಿಲಿಪೀನ್ಸ್ ನರ್ಸ್ ಒಬ್ಬಳು ರಜೆಯಲ್ಲಿ ಅವಳ ದೇಶದ ಸೀಳುತುಟಿ ಕ್ಯಾಂಪ್‌ಗೆ ಹೋಗ್ತಾಳೆ, ನೀನೂ ಬಾ ಅಂತಿದಾಳೆ. ಅಲ್ಲಿ ನನಗೆ ಏನು ಕೆಲಸ ಇರುತ್ತೆ ಸರ್? ಒಂದು ವಾರ ಹೋಗಿ ಬಂದ್ರೆ ನಿಜವಾಗ್ಲೂ ಯಾರಿಗಾದ್ರೂ ಉಪಯೋಗ ಆಗುತ್ತಾ?

ಉತ್ತರ: ಹೋಗಿ ಬನ್ನಿ ಸಿಸ್ಟರ್. ನಿಮ್ಮಂಥೋರು ಇಲ್ಲದಿದ್ರೆ ಅಲ್ಲಿ ಒಂದು ಟೇಬಲ್ಲೂ ನಡೆಯಲ್ಲ. ಆದ್ರೆ ಯಾಕೆ ಹೋಗ್ತಿದೀವಿ ಅನ್ನೋದು ತಲೇಲಿರ್ಲಿ ಅಂತ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಹೀಗೆ ತಂಡ ಕಟ್ಟಿಕೊಂಡು ಬೇರೆ ದೇಶಕ್ಕೆ ಹೋಗಿ ತುಟಿ ಹೊಲಿದು ಬರೋದು ಇವತ್ತಿನ ಮಾತಲ್ಲ. ಸ್ಟಾನ್‌ಫರ್ಡ್‌ನ ಪ್ಲಾಸ್ಟಿಕ್ ಸರ್ಜನ್ ಡೊನಾಲ್ಡ್ ಲಾಬ್ ಮೆಕ್ಸಿಕೋದಿಂದ ಬಂದಿದ್ದ ಒಬ್ಬ ಹುಡುಗನಿಗೆ ಆಪರೇಷನ್ ಮಾಡಿ, ಇವನಂಥೋರು ಅಲ್ಲಿ ಇನ್ನೆಷ್ಟು ಜನ ಇರ್ಬೇಕು ಅಂತ ಯೋಚನೆಗೆ ಬಿದ್ದು 1969ರಲ್ಲಿ ಇಂಟರ್‌ಪ್ಲಾಸ್ಟ್ ಶುರು ಮಾಡಿದ್ರು, ಈಗ ಅದರ ಹೆಸರು ರೀಸರ್ಜ್. ಆಮೇಲೆ 1982ರಲ್ಲಿ ಅಮೆರಿಕದ ವರ್ಜೀನಿಯಾದ ಸರ್ಜನ್ ಬಿಲ್ ಮೆಗೀ ಮತ್ತು ಅವರ ಹೆಂಡತಿ ಕ್ಯಾಥಿ (ಅವರೂ ನಿಮ್ಮ ಥರ ನರ್ಸ್) ಒಂದು ತಂಡದ ಜೊತೆ ಫಿಲಿಪೀನ್ಸ್‌ನ ನಾಗಾ ಅನ್ನೋ ಊರಿಗೆ ಹೋದ್ರು, ನೂರಾರು ಮನೆಯೋರು ಮಕ್ಕಳನ್ನ ಎತ್ಕೊಂಡು ಬಂದು ಕಾಯ್ತಿದ್ರು, ಆಪರೇಷನ್ ಆಗಿದ್ದು ಮಾತ್ರ ಸುಮಾರು 40 ಮಕ್ಕಳಿಗೆ. ಮಿಕ್ಕೋರನ್ನೆಲ್ಲ ಹಾಗೇ ವಾಪಸ್ ಕಳಿಸ್ಬೇಕಾಯ್ತಲ್ಲ, ಆ ಸಂಕಟದಲ್ಲಿ ಹುಟ್ಟಿದ್ದು ಆಪರೇಷನ್ ಸ್ಮೈಲ್.

ವಾಪಸ್ ಕಳಿಸೋ ಕೆಲಸ ಇವತ್ತಿಗೂ ತಪ್ಪಿಲ್ಲ, ಅದು ನಿಮ್ಮ ಕಣ್ಣೆದುರೇ ನಡೆಯುತ್ತೆ, ಮನಸ್ಸು ಗಟ್ಟಿ ಮಾಡ್ಕೊಂಡು ಹೋಗಿ. ಕ್ಯಾಂಪ್‌ನ ಮೊದಲ ಒಂದೆರಡು ದಿನ ಪೂರ್ತಿ ಸ್ಕ್ರೀನಿಂಗ್. ಮಗುವಿಗೊಂದು ನಂಬರ್, ಒಂದು ಫೋಟೋ, ಆಮೇಲೆ ಸರ್ಜನ್, ಮಕ್ಕಳ ಡಾಕ್ಟರ್, ನನ್ನಂಥ ಅನಸ್ತೇಷಿಯಾದೋರು, ಹಲ್ಲಿನ ಡಾಕ್ಟರ್, ಹೀಗೆ ಟೇಬಲ್‌ನಿಂದ ಟೇಬಲ್‌ಗೆ. ಎಷ್ಟೋ ಸಲ ಸರ್ಜನ್ 'ಆಗಬಹುದು' ಅಂದಿದ್ದನ್ನ ನಾನು 'ಬೇಡ' ಅಂದಿದೀನಿ. ಮೂಗು ಸೋರ್ತಾ, ಎದೆ ಗೊರಗೊರ ಅಂತಿರೋ ಮಗುವಿಗೆ ಅನಸ್ತೇಷಿಯಾ ಕೊಟ್ರೆ ಗಂಟಲು ಬಿಗಿದು ಉಸಿರು ಕಟ್ಟೋ ಅಪಾಯ ಇರುತ್ತೆ. ರಕ್ತ ಕಮ್ಮಿ ಇದ್ರೆ ಆಗಲ್ಲ, ತೂಕ ಇಲ್ಲದಿದ್ರೂ ಆಗಲ್ಲ. ಎರಡು ದಿನ ಪ್ರಯಾಣ ಮಾಡಿ ಬಂದ ಅಪ್ಪ ಅಮ್ಮನಿಗೆ 'ಶೀತ ಇದೆ, ಈ ಸಲ ಆಗಲ್ಲ' ಅಂತ ಹೇಳೋದು ಎಷ್ಟು ಕಷ್ಟ ಅಂತ ನಿಮಗೆ ಅಲ್ಲಿ ಗೊತ್ತಾಗುತ್ತೆ, ಆದ್ರೂ ಹೇಳ್ಲೇಬೇಕು. ತುಟಿ ಆಪರೇಷನ್ ಜೀವ ಉಳಿಸೋಕೆ ಇವತ್ತೇ ಆಗಬೇಕಾದ ಆಪರೇಷನ್ ಅಲ್ಲ, ಆರೋಗ್ಯವಾಗಿರೋ ಮಗುವಿನ ಜೀವ ಪಣಕ್ಕಿಟ್ಟು ಮಾಡೋ ಹಕ್ಕು ಯಾರಿಗೂ ಇಲ್ಲ.

ಒಂದು ಬೆಳಗ್ಗೆ ನೆನಪಿದೆ. ಒಂದೂವರೆ ವರ್ಷದ ಮಗು, ದೋಣಿ ಇಳಿದು ಜೀಪ್ನಿ (ಅಲ್ಲಿನ ಬಾಡಿಗೆ ಗಾಡಿ) ಹತ್ತಿ ಬಂದಿದ್ದ ಕುಟುಂಬ, ಲಿಸ್ಟ್‌ನಲ್ಲಿ ಅವತ್ತಿನ ಎರಡನೇ ಕೇಸು. ಒಳಗೆ ಕರ್ಕೊಳ್ಳೋ ಮುಂಚೆ ಟಾರ್ಚ್ ಹಿಡಿದು ಬಾಯಿ ನೋಡ್ತೀನಿ, ಕೆಳತುಟಿ ಒಳಗಡೆ ಬೇಯಿಸಿದ ಬಾಳೆಹಣ್ಣಿನ ಚೂರು ಅಂಟಿಕೊಂಡಿದೆ. ರಾತ್ರಿಯೆಲ್ಲ ಹಸಿವಿಗೆ ಅತ್ತ ಮಗುವಿಗೆ ಅಜ್ಜಿ ಕರುಳು ತಡೀದೆ ತಿನ್ಸಿದಾರೆ, ಯಾವ ಅಜ್ಜಿ ತಾನೇ ಸುಮ್ನಿರ್ತಾರೆ. ಅನಸ್ತೇಷಿಯಾ ಕೊಡೋ ಮುಂಚೆ ತಿಂಡಿ ತಿಂದು 6 ಗಂಟೆ ಆಗಿರ್ಬೇಕು, ಎದೆಹಾಲಿಗೆ 4 ಗಂಟೆ, ನೀರಿಗೆ 2 ಗಂಟೆ ಅನ್ನೋ ಲೆಕ್ಕ ನಮಗೆ ಗೊತ್ತು, ಹೊಟ್ಟೇಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಏನಾಗುತ್ತೆ ಅಂತಾನೂ ಗೊತ್ತು, ಆದ್ರೆ ಅವರಿಗೆ ಕೊಟ್ಟಿದ್ದು ಇಂಗ್ಲಿಷ್‌ನಲ್ಲಿ ಪ್ರಿಂಟ್ ಮಾಡಿದ ಒಂದು ಚೀಟಿ. ಅಲ್ಲಿನ ಲೋಕಲ್ ನರ್ಸ್ ಒಬ್ಬರು ಅಜ್ಜಿ ಪಕ್ಕ ನೆಲದ ಮೇಲೇ ಕೂತು, ಕೈ ಹಿಡ್ಕೊಂಡು ಅವರ ಭಾಷೇಲಿ ನಿಧಾನಕ್ಕೆ ಹೇಳಿದ್ರು. ಮಾರನೇ ದಿನ ಆಪರೇಷನ್ ಆಯ್ತು. ಆ ವಾರ ನಡೆದ ಅತ್ಯಂತ ದೊಡ್ಡ ಕೆಲಸ ಅದೇ ಅಂತ ನಾನು ಇವತ್ತಿಗೂ ನಂಬ್ತೀನಿ. ನೀವು ಹೋದಾಗ ಅಂಥ ಲೋಕಲ್ ನರ್ಸ್ ಯಾರು ಅಂತ ಮೊದಲು ಹುಡುಕಿ, ಅವರ ಜೊತೆಗೇ ಇರಿ. ನಿಮಗೆ ಗೊತ್ತಿರೋದನ್ನ ಅವರಿಗೆ ಕಲಿಸಿ, ಅವರಿಂದ ನೀವೂ ಕಲಿತುಕೊಳ್ಳಿ.

ಕೆಲಸ ಅಂತ ಕೇಳಿದ್ರೆ, ಓಟಿಯಲ್ಲಿ ಸ್ಕ್ರಬ್ (ಸರ್ಜನ್ ಕೈಗೆ ಸಲಕರಣೆ ಕೊಡೋ ಕೆಲಸ), ಇಲ್ಲಾಂದ್ರೆ ರಿಕವರಿ, ಇಲ್ಲಾ ವಾರ್ಡ್. ಮಕ್ಕಳ ತುರ್ತು ಚಿಕಿತ್ಸೆಯ ಪಾಲ್ಸ್ ಸರ್ಟಿಫಿಕೇಟ್ ಕೇಳೋದು ಸಾಮಾನ್ಯ, ಈಗ್ಲೇ ಮಾಡಿಟ್ಕೊಳ್ಳಿ. ಆ ದೇಶದಲ್ಲಿ ಕೆಲಸ ಮಾಡೋಕೆ ತಾತ್ಕಾಲಿಕ ಪರವಾನಗಿ ಬೇಕಾಗುತ್ತೆ, ಅದನ್ನ ಸಂಸ್ಥೆಯೋರೇ ಮಾಡಿಸ್ತಾರಾ ಕೇಳಿ. 'ಅದೆಲ್ಲ ಏನೂ ಬೇಡ, ಸುಮ್ನೆ ಬನ್ನಿ' ಅನ್ನೋ ತಂಡದ ಜೊತೆ ದಯವಿಟ್ಟು ಹೋಗ್ಬೇಡಿ. ನನ್ನ ಕೇಳಿದ್ರೆ ನೀವು ರಿಕವರಿ ಕೇಳ್ಕೊಳ್ಳಿ. ಬಾಯಿ ಮೂಗಿನ ಆಪರೇಷನ್ ಆದ ಮಗು, ರಕ್ತ ಜಿನುಗ್ತಿರುತ್ತೆ, ಇಷ್ಟು ದಿನ ಅಗಲವಾಗಿ ತೆರೆದಿದ್ದ ಉಸಿರಿನ ದಾರಿ ಒಮ್ಮೆಗೇ ಕಿರಿದಾಗಿರುತ್ತೆ, ಎಚ್ಚರ ಆಗೋ ಆ ಮೊದಲ ಅರ್ಧ ಗಂಟೆ ಕಣ್ಣು ಆ ಕಡೆ ಈ ಕಡೆ ಹೋಗಂಗಿಲ್ಲ. ಅಲ್ಲಿ ಅನುಭವಸ್ಥ ನರ್ಸ್ ನಿಂತಿದ್ರೆ ನಾನು ಧೈರ್ಯವಾಗಿ ಮುಂದಿನ ಮಗುವಿಗೆ ಮಾಸ್ಕ್ ಹಿಡೀತೀನಿ.

ಇನ್ನು ಒಂದು ವಾರದಿಂದ ಉಪಯೋಗ ಇದ್ಯಾ ಅನ್ನೋದು. ತುಟಿ ಮಾತ್ರ ಸೀಳಿದ್ದ ಮಗುವಿಗೆ ಖಂಡಿತ ಇದೆ, ಒಂದೇ ಆಪರೇಷನ್‌ನಲ್ಲಿ ಅದರ ಬದುಕೇ ಬೇರೆ ಆಗ್ಬಹುದು. ಅಂಗುಳ ಸೀಳಿದ್ರೆ ಕಥೆ ಬೇರೆ. ಬಾಯಿ ಮೂಗಿನ ಮಧ್ಯೆ ಗೋಡೆ ಇಲ್ಲ ಅಂದ್ರೆ ಗಾಳಿಯೆಲ್ಲ ಮೂಗಿಗೆ ಹೋಗುತ್ತೆ, 'ಪ' ಹೇಳೋಕೆ ಹೋದ್ರೆ 'ಮ' ಬರುತ್ತೆ, ಮಗು 'ಅಪ್ಪ' ಅಂತ ಕರೆದ್ರೆ ನಮಗೆ 'ಅಮ್ಮ' ಅಂತ ಕೇಳಿಸುತ್ತೆ. ಫಿಲಿಪೀನ್ಸ್‌ನಲ್ಲಿ ಇಂಥ ಮಕ್ಕಳನ್ನ 'ಙೋಙೋ' ಅಂತ ಆಡ್ಕೋತಾರೆ, ನಮ್ಮ ವರ್ಣಮಾಲೆಯಲ್ಲಿ ಯಾವತ್ತೂ ಬಳಸದ ಆ ಅಕ್ಷರವೇ ಅಲ್ಲಿ ಬೈಗುಳ. ಅಂಗುಳ ಹೊಲಿದ ತಕ್ಷಣ ಮಾತು ಸರಿಹೋಗಲ್ಲ, ತಿಂಗಳುಗಟ್ಟಲೆ ಸ್ಪೀಚ್ ಥೆರಪಿ ಬೇಕು, ಕಿವಿ ಸೋರೋದನ್ನ ನೋಡ್ಕೋಬೇಕು, ಒಸಡಿನಲ್ಲೂ ಸೀಳಿದ್ರೆ ಎಂಟು ಹತ್ತು ವರ್ಷಕ್ಕೆ ಅಲ್ಲಿಗೆ ಮೂಳೆ ತುಂಬಬೇಕು, ಹಲ್ಲಿಗೆ ಕ್ಲಿಪ್ ಹಾಕ್ಬೇಕು. ಇದನ್ನೆಲ್ಲ ಮಾಡೋರು ಯಾರು? ಒಂದು ಕ್ಯಾಂಪ್‌ನಲ್ಲಿ ಆರು ವರ್ಷದ ಹುಡುಗ ಬಂದಿದ್ದ, ಹಿಂದಿನ ವರ್ಷ ಬೇರೆ ಯಾವುದೋ ತಂಡ ಹೊಲಿದಿದ್ದ ಅಂಗುಳ ಮಧ್ಯದಲ್ಲಿ ಬಿಟ್ಕೊಂಡು ಬಟಾಣಿ ಕಾಳಷ್ಟು ತೂತಾಗಿತ್ತು, ಅನ್ನ ಉಂಡ್ರೆ ಮೂಗಲ್ಲಿ ಅಗುಳು ಬರ್ತಿತ್ತು. ಅವನಮ್ಮ ಯಾರನ್ನ ಕೇಳ್ಬೇಕು ಅಂತ ಗೊತ್ತಾಗದೆ ಒಂದು ವರ್ಷ ಕಾದಿದ್ಲು. ಅಂಗುಳ ಬಿಟ್ಕೊಳ್ಳೋದು ಒಳ್ಳೇ ಆಸ್ಪತ್ರೆಗಳಲ್ಲೂ ಆಗುತ್ತೆ, ನಾನು ಅದನ್ನ ತಪ್ಪು ಅಂತಿಲ್ಲ. ಕೇಳೋಕೆ ಒಂದು ಬಾಗಿಲು ಇಲ್ಲದೆ ಬಿಟ್ಟು ಬಂದಿದ್ದು ತಪ್ಪು. ಹೊರಡೋ ಮುಂಚೆ ಆ ಸಂಸ್ಥೆಯೋರನ್ನ ಕೇಳಿ: ನಾವು ವಿಮಾನ ಹತ್ತಿದ್ಮೇಲೆ ಈ ಮಕ್ಕಳನ್ನ ನೋಡ್ಕೊಳ್ಳೋರು ಯಾರು? ಹೆಸರು ಸಮೇತ ಉತ್ತರ ಬಂದ್ರೆ ಹೊರಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದೀನಿ. 'ಇಷ್ಟು ಡಾಲರ್ ಕೊಟ್ರೆ ಒಂದು ಮಗುವಿನ ನಗು' ಅಂತ ಮನೆಗೆ ಪತ್ರ ಬರ್ತಾನೇ ಇರುತ್ತೆ. ಡಾಕ್ಟರ್‌ಗಳನ್ನ ವಿಮಾನದಲ್ಲಿ ಕಳಿಸೋ ಸಂಸ್ಥೆಗೆ ಕೊಡ್ಬೇಕಾ, ಅಲ್ಲಿನೋರಿಗೇ ಕೊಡೋ ಸಂಸ್ಥೆಗಾ?

ಉತ್ತರ: ನನ್ನ ದುಡ್ಡಾಗಿದ್ರೆ ಅಲ್ಲಿನೋರಿಗೆ. ಒಂದು ತಂಡ ಅಂದ್ರೆ ಹತ್ತಾರು ಜನರ ವಿಮಾನ, ಹೋಟೆಲ್, ಸಾಮಾನು ಸಾಗಣೆ, ಅದೇ ದುಡ್ಡಲ್ಲಿ ಆ ಊರಿನ ಸರ್ಜನ್ ವರ್ಷಪೂರ್ತಿ ಆಪರೇಷನ್ ಮಾಡ್ಬಹುದು. 1999ರಲ್ಲಿ ಶುರುವಾದ ಸ್ಮೈಲ್ ಟ್ರೈನ್ ಈ ದಾರಿ ಹಿಡಿದಿದ್ದು, ತಂಡ ಕಳಿಸಲ್ಲ, ಅಲ್ಲಲ್ಲಿನ ಆಸ್ಪತ್ರೆಗೇ ದುಡ್ಡು ಮತ್ತು ತರಬೇತಿ ಕೊಡುತ್ತೆ, ಭಾರತದಲ್ಲಿ ಅವರ ಕೆಲಸ ತುಂಬಾ ದೊಡ್ಡದು. ಹಾಗಂತ ತಂಡ ಕಳಿಸೋರೆಲ್ಲ ದಂಡ ಅಂತ ಅಲ್ಲ. ಸರ್ಜನ್ನೇ ಇಲ್ಲದ ಜಾಗಗಳಿವೆ, ಅಲ್ಲಿಗೆ ಯಾರಾದ್ರೂ ಹೋಗ್ಲೇಬೇಕು. ಆಪರೇಷನ್ ಸ್ಮೈಲ್ ಕೂಡ ಈಗ ಬರೀ ಕ್ಯಾಂಪ್ ನಂಬ್ಕೊಂಡಿಲ್ಲ, ಗುವಾಹಟಿಯಲ್ಲಿ ಅಸ್ಸಾಂ ಸರ್ಕಾರದ ಜೊತೆ ಸೇರಿ 2011ರಲ್ಲಿ ಖಾಯಂ ಕೇಂದ್ರವನ್ನೇ ಮಾಡ್ತು. ಅಲ್ಲಿ ಆಪರೇಷನ್ ಆದ ಮಗು ಹಲ್ಲಿಗೂ ಮಾತಿಗೂ ಅದೇ ಜಾಗಕ್ಕೆ ಬರ್ಬಹುದು, ನಾನು ಮೇಲೆ ಹೇಳಿದ ಬಾಗಿಲು ಅಂದ್ರೆ ಅದು.

ಇನ್ನೊಂದು ಮಾತು, ಇದನ್ನ ಅನಸ್ತೇಷಿಯಾದೋನಾಗಿ ಹೇಳ್ತಿದೀನಿ. ಪತ್ರದಲ್ಲಿ ನಗುವಿನ ಫೋಟೋ ಇರುತ್ತೆ, ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್‌ದು ಇರಲ್ಲ. ಕೊರೋನಾ ಕಾಲದಲ್ಲಿ ನಮ್ಮ ಮನೆಮನೇಲೂ ಇದ್ದ ಆ ಪುಟ್ಟ ಯಂತ್ರ ಬಡದೇಶಗಳ ಎಷ್ಟೋ ಆಪರೇಷನ್ ಥಿಯೇಟರ್‌ಗಳಲ್ಲಿ ಇರ್ಲಿಲ್ಲ, ಮಗುವಿನ ಉಗುರು ನೀಲಿ ಆಗ್ತಿದ್ಯಾ ಅಂತ ಕಣ್ಣಲ್ಲೇ ನೋಡ್ಕೊಂಡು ಅರಿವಳಿಕೆ ಕೊಡ್ತಿದ್ರು. ಅಂಥ ಕಡೆಗೆ ಆಕ್ಸಿಮೀಟರ್ ತಲುಪಿಸೋಕೇ 2011ರಲ್ಲಿ ಲೈಫ್‌ಬಾಕ್ಸ್ ಅನ್ನೋ ಸಂಸ್ಥೆ ಹುಟ್ಟಿತು. ನಗುವಿಗೆ ಕೊಡೋರು ಬೇಕಾದಷ್ಟು ಜನ ಇದಾರೆ, ನೀವು ಉಸಿರಿಗೆ ಕೊಡಿ.

ಪ್ರಶ್ನೆ: ಎಂಎಸ್ ಮಾಡ್ತಿದೀನಿ, ಮುಂದೆ ಪ್ಲಾಸ್ಟಿಕ್ ಸರ್ಜರಿ ಆಸೆ. ಆಫ್ರಿಕಾದ ಕ್ಯಾಂಪ್‌ಗೆ ಹೋದ್ರೆ ಕೇಸ್ ಜಾಸ್ತಿ ಸಿಗುತ್ತೆ, ಕೈ ಪಳಗುತ್ತೆ ಅಂತ ಸೀನಿಯರ್ಸ್ ಹೇಳ್ತಾರೆ. ಹೋಗ್ಲಾ?

ಉತ್ತರ: ಕೈ ಪಳಗಿಸ್ಕೊಳ್ಳೋಕೆ ಆದ್ರೆ ಬೇಡಪ್ಪಾ. ಬಡವರ ಮಗು ಅಂದ ಮಾತ್ರಕ್ಕೆ ಅದು ನಮ್ಮ ಪ್ರಾಕ್ಟೀಸ್ ಪುಸ್ತಕ ಅಲ್ಲ. ಬೆಂಗಳೂರಲ್ಲಿ ಒಬ್ಬರ ಮಗುವಿಗೆ ನೀನು ಸೀನಿಯರ್ ಇಲ್ಲದೆ ಏನು ಮಾಡಲ್ವೋ ಅದನ್ನ ಅಲ್ಲೂ ಮಾಡೋ ಹಾಗಿಲ್ಲ. ಕಲೀಬೇಕು ಅಂದ್ರೆ ತ್ರಿಶ್ಶೂರಿಗೆ ಹೋಗು, ಜುಬಿಲಿ ಮಿಷನ್ ಆಸ್ಪತ್ರೆಯಲ್ಲಿ ಡಾ. ಎಚ್.ಎಸ್. ಅಡೆನ್‌ವಾಲಾ ದಶಕಗಟ್ಟಲೆ ಒಂದೇ ಜಾಗದಲ್ಲಿ ಕೂತು ಸೀಳುತುಟಿ ಮಕ್ಕಳನ್ನ ನೋಡಿದ್ರು, ತಾವು ಹೊಲಿದ ಮಕ್ಕಳು ದೊಡ್ಡೋರಾಗೋದನ್ನ ನೋಡಿದ್ರು. ನೀನು ಇವತ್ತು ಹಾಕಿದ ಹೊಲಿಗೆ ಹದಿನೈದು ವರ್ಷಕ್ಕೆ ಹೇಗೆ ಕಾಣುತ್ತೆ ಅನ್ನೋದು ಒಂದು ವಾರದ ಕ್ಯಾಂಪ್‌ನಲ್ಲಿ ಯಾವತ್ತೂ ಗೊತ್ತಾಗಲ್ಲ.

ಪ್ರಶ್ನೆ: ರೋಣ ತಾಲ್ಲೂಕಿಂದ ಬರಸಾಕತ್ತೀನ್ರಿ. ನನ್ನ ಮಗಳ ಕೂಸಿಗೆ ಎರಡು ತಿಂಗಳಾತು, ತುಟಿನೂ ಸೀಳೈತಿ, ಒಳಗ ಅಂಗುಳಾನೂ ಸೀಳೈತಿ. ಗ್ರಹಣದಾಗ ಕಾಯಿಪಲ್ಯ ಹೆಚ್ಚಿದ್ಲು ಅಂತ ಬೀಗರ ಮನ್ಯಾಗ ಮಗಳಿಗೆ ದಿನಾ ಮಾತು. ಫಾರಿನ್ ಡಾಕ್ಟರ್ ಕ್ಯಾಂಪ್ ಬರತೈತಿ, ಅವರ ಕಡೆ ಮಾಡ್ಸಿದ್ರ ಚೊಲೋ ಅಂತಾರ. ಅಲ್ಲೀತನ ಕಾಯೂಣೇನ್ರಿ?

ಉತ್ತರ: ಅಮ್ಮಾ, ಕಾಯೋದು ಬೇಡ. ಆದ್ರೆ ಮೊದಲು ಗ್ರಹಣದ ಮಾತು ಮುಗಿಸಿಬಿಡೋಣ, ಬೀಗರಿಗೂ ಇದನ್ನ ಓದಿ ಹೇಳಿ. ಹೊಟ್ಟೇಲಿರೋ ಮಗುವಿನ ಮೇಲ್ತುಟಿ ಕೂಡಿಕೊಳ್ಳೋದು ನಾಲ್ಕರಿಂದ ಏಳನೇ ವಾರದೊಳಗೆ, ಅಂಗುಳ ಒಂಬತ್ತನೇ ವಾರದ ಹೊತ್ತಿಗೆ. ಅಂದ್ರೆ ಬಸುರಿ ಅಂತ ಊರಿಗೆಲ್ಲ ಗೊತ್ತಾಗೋ ಹೊತ್ತಿಗೆ ತುಟಿ ಕೂಡಿಯಾಗಿರುತ್ತೆ, ಇಲ್ಲಾ ಬಿಟ್ಟಿರುತ್ತೆ. ಆಮೇಲೆ ಅವಳು ಈಳಿಗೆಮಣೆ ಮುಟ್ಟಿದ್ರೂ ಅಷ್ಟೇ ಬಿಟ್ರೂ ಅಷ್ಟೇ. ವಂಶದಲ್ಲಿದ್ರೆ ಬರ್ಬಹುದು, ಕೆಲವು ಫಿಟ್ಸ್ ಮಾತ್ರೆಯಿಂದ, ಬೀಡಿ ಸಿಗರೇಟಿನಿಂದ, ತಾಯಿಗಿದ್ದ ಸಕ್ಕರೆ ಕಾಯಿಲೆಯಿಂದ ಸಾಧ್ಯತೆ ಹೆಚ್ಚಾಗುತ್ತೆ, ಎಷ್ಟೋ ಸಲ ಯಾವ ಕಾರಣವೂ ಸಿಗಲ್ಲ. ಪ್ರಪಂಚದಲ್ಲಿ ಸುಮಾರು 700 ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತೆ. ಮೆಕ್ಸಿಕೋದಲ್ಲೂ ಗ್ರಹಣದಿಂದಲೇ ಹೀಗಾಗುತ್ತೆ ಅಂತ ನಂಬ್ತಾರೆ, ಬಸುರಿಯರು ಒಳಬಟ್ಟೆಗೆ ಪಿನ್ನು ಸಿಕ್ಕಿಸ್ಕೊಂಡು ಓಡಾಡ್ತಾರೆ, ಅಲ್ಲೂ ಇಂಥ ಮಕ್ಕಳು ಹುಟ್ತಾನೇ ಇವೆ. ನಿಮ್ಮ ಮಗಳು ಏನೂ ತಪ್ಪು ಮಾಡಿಲ್ಲ.

ಈಗ ಕೂಸಿಗೆ ಹಾಲಿನದೇ ಯೋಚನೆ. ಅಂಗುಳ ಸೀಳಿರೋದ್ರಿಂದ ಮೊಲೆ ಹಿಡಿದ್ರೂ ಎಳೆಯೋಕೆ ಆಗಲ್ಲ, ಚೀಪಿ ಚೀಪಿ ಸುಸ್ತಾಗಿ ಮಲ್ಕೊಳ್ಳುತ್ತೆ, ತೂಕ ಏರಲ್ಲ. ಎದೆಹಾಲು ಹಿಂಡಿ ತೆಗೆದು ಒಳಲೆಯಲ್ಲಿ ಕುಡಿಸಿ, ಹಳೇ ಕಾಲದ ಒಳಲೆ ಮನೇಲಿದ್ರೆ ಅದೇ ಸಾಕು, ಚೆನ್ನಾಗಿ ಕುದಿಸಿ ಬಳಸಿ. ಕೂಸನ್ನ ಮಲಗಿಸಿ ಕುಡಿಸ್ಬೇಡಿ, ತಲೆ ಮೇಲಿರೋ ಹಾಗೆ ಕೂರಿಸಿದಂತೆ ಹಿಡ್ಕೊಂಡು ಸ್ವಲ್ಪ ಸ್ವಲ್ಪ ಕೆನ್ನೆ ಕಡೆಯಿಂದ ಬಿಡಿ, ಮಧ್ಯೆ ಮಧ್ಯೆ ಹೆಗಲ ಮೇಲೆ ಹಾಕಿ ತೇಗು ತೆಗೆಸಿ, ಗಾಳಿ ಜಾಸ್ತಿ ನುಂಗಿರುತ್ತೆ. ಮೂಗಲ್ಲಿ ಹಾಲು ಬಂದ್ರೆ ಗಾಬರಿ ಬೀಳ್ಬೇಡಿ, ಒರೆಸಿ ಮುಂದುವರಿಸಿ.

ಆಪರೇಷನ್‌ಗೆ ನಾವು ಹಿಂದಿನಿಂದ ನೋಡ್ಕೊಂಡು ಬಂದಿರೋ ಅಂದಾಜು ಅಂದ್ರೆ ವಯಸ್ಸು 10 ವಾರ ದಾಟಿರಬೇಕು, ತೂಕ ನಾಲ್ಕೂವರೆ ಕೆಜಿ ಆಸುಪಾಸು ಇರಬೇಕು, ಹಿಮೋಗ್ಲೋಬಿನ್ 10 ಇರಬೇಕು. ತುಟಿ ಮೂರರಿಂದ ಆರು ತಿಂಗಳಲ್ಲಿ ಮಾಡ್ತಾರೆ, ಅಂಗುಳ ಸುಮಾರು ಒಂದು ವರ್ಷದ ಹೊತ್ತಿಗೆ. ಅಂಗುಳ ತಡ ಆದಷ್ಟೂ ಮಾತು ಕೆಡುತ್ತೆ, ಯಾವತ್ತೋ ಬರೋ ಕ್ಯಾಂಪ್‌ಗೆ ಕಾಯ್ಬೇಡಿ ಅಂದಿದ್ದು ಅದಕ್ಕೇ. ಫಾರಿನ್ ಡಾಕ್ಟರ್ ಕೈ, ನಮ್ಮ ಡಾಕ್ಟರ್ ಕೈ ಅಂತ ಬೇರೆ ಇಲ್ಲ ಅಮ್ಮಾ, ನಮ್ಮಲ್ಲಿ ಸಾವಿರಾರು ಇಂಥ ಆಪರೇಷನ್ ಮಾಡಿದ ಕೈಗಳಿವೆ. ಧಾರವಾಡದ ಎಸ್‌ಡಿಎಂ ಆಸ್ಪತ್ರೆಯಲ್ಲಿ ಸೀಳುತುಟಿ, ಅಂಗುಳದ ಆಪರೇಷನ್ ಮಾಡೋ ವಿಭಾಗ ಇದೆ, ನಿಮಗೆ ಬಸ್ಸಲ್ಲಿ ಹೋಗಿ ಬರೋ ದೂರ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಹುಟ್ಟಿನಿಂದ 18 ವರ್ಷದವರೆಗೆ, ಸೀಳುತುಟಿ ಅದರ ಪಟ್ಟಿಯಲ್ಲೇ ಇದೆ, ಆಪರೇಷನ್‌ಗೆ ದುಡ್ಡು ಕೊಡ್ಬೇಕಿಲ್ಲ. ನಿಮ್ಮೂರ ಆಶಾ ಕಾರ್ಯಕರ್ತೆಗೆ 'ಆರ್‌ಬಿಎಸ್‌ಕೆ' ಅಂದ್ರೆ ಸಾಕು, ಅವರಿಗೆ ಗೊತ್ತಿರುತ್ತೆ.

ಈ ವಾರವೇ ಅವರನ್ನ ಕರ್ಕೊಂಡು ಗದಗ ಜಿಲ್ಲಾ ಆಸ್ಪತ್ರೆಗೆ ಹೋಗಿ, ಕೂಸಿನ ಹೆಸರು ಬರೆಸಿ, ತೂಕ ಹಾಕ್ಸಿ ತಾಯಿ ಕಾರ್ಡ್‌ನಲ್ಲಿ ಬರೆಸ್ಕೊಳ್ಳಿ. ಆಮೇಲೆ ವಾರವಾರ ಅಂಗನವಾಡಿಯಲ್ಲಿ ತೂಕ ನೋಡಿಸಿ, ಎರಡು ವಾರ ಒಂದೇ ಸಮ ಏರದಿದ್ರೆ ಸುಮ್ನಿರ್ಬೇಡಿ, ತಕ್ಷಣ ಮಕ್ಕಳ ಡಾಕ್ಟರಿಗೆ ತೋರಿಸಿ. ಮತ್ತೆ ಆಪರೇಷನ್ ದಿನ ಬೆಳಗ್ಗೆ ಕೂಸು ಎಷ್ಟೇ ಅತ್ರೂ, ಡಾಕ್ಟರ್ ಹೇಳಿದ ಹೊತ್ತಿನ ಮೇಲೆ ಒಂದು ಚಮಚ ಹಾಲೂ ಕೊಡ್ಬೇಡಿ ಅಮ್ಮಾ.