ಹನ್ನೆರಡರ ಮಗಳು, 2000ನೇ ಇಸವಿಯ ಖಾತೆ

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ, ಏಳನೇ ತರಗತಿಯಲ್ಲಿದ್ದಾಳೆ. ಅವಳ ಶಾಲೆಗೆ ಮೊಬೈಲ್ ತರುವಂತಿಲ್ಲ. ಆದರೆ ಅದೇ ಶಾಲೆಯವರು ಈ ವರ್ಷದಿಂದ ಪ್ರತಿ ವಿದ್ಯಾರ್ಥಿಯೂ ಸ್ವಂತ ನಂಬರಿನಿಂದ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಲೇಬೇಕು ಎಂದಿದ್ದಾರೆ. ಹೋಂವರ್ಕ್ ಬರುವುದು ರಾತ್ರಿ ಒಂಬತ್ತರ ಮೇಲೆ. ಇದಕ್ಕೆಂದೇ ಕೊಡಿಸಿದ ಫೋನಿನಲ್ಲಿ ಅವಳು ಹುಟ್ಟಿದ ವರ್ಷ 2000 ಎಂದು ಹಾಕಿ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಾಳೆ. ಕೇಳಿದರೆ ‘ಎಲ್ಲರೂ ಹಾಗೇ ಮಾಡ್ತಾರಮ್ಮ’ ಎನ್ನುತ್ತಾಳೆ. ಅವಳಿಗೆ ತಿಳಿಯದಂತೆ ನಿಗಾ ಇಡುವ ಆ್ಯಪ್ ಹಾಕೋಣ ಎನ್ನುವುದು ನಮ್ಮ ಯಜಮಾನರ ಅಭಿಪ್ರಾಯ. ಶಾಲೆಯ ನಿಯಮಕ್ಕೆ ಒಪ್ಪಲೇಬೇಕೇ? ಖಾತೆಯನ್ನು ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಶಾಲೆಯ ವಿಚಾರ ಒಂದೆರಡು ವಾರ ಕಾದರೂ ನಡೆದೀತು; ಖಾತೆಯಲ್ಲಿರುವ ಆ ಸುಳ್ಳು ಇಸವಿ ಕಾಯುವಂಥದ್ದಲ್ಲ. ಆದ್ದರಿಂದ ಮೊದಲು ಅದನ್ನೇ ನೋಡೋಣ.

ಹುಟ್ಟಿದ ವರ್ಷವನ್ನು ಶಾಸ್ತ್ರಕ್ಕಾಗಿ ಕೇಳುತ್ತಾರೆ ಎಂದು ಮಕ್ಕಳಷ್ಟೇ ಅಲ್ಲ, ಅನೇಕ ತಂದೆತಾಯಂದಿರೂ ತಿಳಿದಿದ್ದಾರೆ. ವಾಸ್ತವದಲ್ಲಿ ಖಾತೆಗೆ ಯಾವ ರಕ್ಷಣೆ ಸಿಗಬೇಕು ಎನ್ನುವುದು ಬಹುಪಾಲು ಆ ಇಸವಿಯನ್ನೇ ಅವಲಂಬಿಸಿದೆ. ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಭಾರತದಲ್ಲೂ ಹದಿಹರೆಯದವರಿಗೆ ಪ್ರತ್ಯೇಕ ಬಗೆಯ ಖಾತೆಯನ್ನು ತಂದಿತು. ಅದರಲ್ಲಿ 18 ತುಂಬದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಸಂಪರ್ಕದಲ್ಲಿಲ್ಲದ ಅಪರಿಚಿತರು ನೇರವಾಗಿ ಸಂದೇಶ ಕಳುಹಿಸಲಾಗದು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. 16ರ ಒಳಗಿನವರು ಇವನ್ನು ಸಡಿಲಿಸಲು ಹಿರಿಯರ ಒಪ್ಪಿಗೆ ಬೇಕು. 2000ನೇ ಇಸವಿಯಲ್ಲಿ ಹುಟ್ಟಿದ ವ್ಯಕ್ತಿಗೆ ಇವುಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. ಬಾಗಿಲಿನಲ್ಲಿ ಹೇಳಿದ ಆ ಸುಳ್ಳಿನಿಂದ ನಿಮ್ಮ ಮಗಳು ಕಂಪನಿಯ ಲೆಕ್ಕದಲ್ಲಿ ವಯಸ್ಕಳಾಗಿದ್ದಾಳೆ. ಮುಂದೆ ನಿಜವಾಗಿ 13 ತುಂಬಿದಾಗಲೂ ಇದೇ ಖಾತೆ ಮುಂದುವರಿದರೆ ಹಾಗೆಯೇ ಉಳಿಯುತ್ತಾಳೆ.

ಅಲ್ಲಿ ಖಾತೆಗೆ ಕನಿಷ್ಠ ವಯಸ್ಸು 13 ಆಗಿರುವುದರಿಂದ ಈಗ ಇಸವಿ ತಿದ್ದಿ ಪ್ರಯೋಜನವಿಲ್ಲ, ಖಾತೆಯನ್ನೇ ಅಳಿಸಬೇಕು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳಿಗೆ ಬೇಕಾದ ಫೋಟೊಗಳನ್ನು ಮೊದಲು ಉಳಿಸಿಕೊಂಡು, ಆಮೇಲೆ ಅಳಿಸಿ. ಕೋರಿಕೆ ಸಲ್ಲಿಸಿದ 30 ದಿನಗಳೊಳಗೆ ಮತ್ತೆ ಲಾಗಿನ್ ಆದರೆ ಖಾತೆಯನ್ನು ಮರಳಿ ಪಡೆಯಬಹುದು, ಆ ತಿಂಗಳು ಅದರ ಮೇಲೆ ಕಣ್ಣಿರಲಿ.

‘ಹದಿಮೂರೇ ಯಾಕೆ?’ ಎಂದು ಅವಳು ಕೇಳಿದರೆ, ಆ ವಯಸ್ಸಿಗೆ ಬುದ್ಧಿ ಬಲಿಯುತ್ತದೆ ಎಂಬ ಸಬೂಬು ಹೇಳಬೇಡಿ. 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂದು ಅಮೆರಿಕ 1998ರಲ್ಲಿ ಒಂದು ಕಾನೂನು ಮಾಡಿತು. ಆ ಒಪ್ಪಿಗೆ ಪಡೆಯುವ ರಗಳೆಯೇ ಬೇಡವೆಂದು ಕಂಪನಿಗಳು ಅದೇ ಅಂಕಿಯನ್ನು ಜಗತ್ತಿಗೆಲ್ಲ ಗೆರೆಯಾಗಿ ಎಳೆದುಬಿಟ್ಟವು. ಆಸ್ಟ್ರೇಲಿಯ 2025ರ ಡಿಸೆಂಬರ್ 10ರಿಂದ ಪ್ರಮುಖ ಸಾಮಾಜಿಕ ಜಾಲತಾಣಗಳಿಗೆ ಆ ಗೆರೆಯನ್ನು 16ಕ್ಕೆ ಏರಿಸಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂಬ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಯಾಗುತ್ತಿವೆ. ಹೀಗೆ ದೇಶಕ್ಕೊಂದು ಅಂಕಿ ಇರುವಾಗ ಅದನ್ನು ಅವಳು ಪ್ರಶ್ನಿಸಿದರೆ ತಪ್ಪೇನೂ ಇಲ್ಲ. ಆದರೆ ಗೆರೆಯನ್ನು ಪ್ರಶ್ನಿಸುವುದು ಬೇರೆ, ಸುಳ್ಳು ಇಸವಿ ಹಾಕಿ ತನಗಿರುವ ರಕ್ಷಣೆಯನ್ನು ತಾನೇ ಕಳಚಿಕೊಳ್ಳುವುದು ಬೇರೆ.

ಗುಟ್ಟಾಗಿ ಆ್ಯಪ್ ಹಾಕುವ ಯೋಚನೆಯನ್ನು ನಿಮ್ಮ ಯಜಮಾನರು ಕೈಬಿಡುವುದು ಒಳ್ಳೆಯದು. ಅಂತಹ ಆ್ಯಪ್‌ಗಳು ಮಗುವಿನ ಸಂದೇಶಗಳನ್ನೂ ಚಿತ್ರಗಳನ್ನೂ ನೀವು ಕಂಡು ಕೇಳರಿಯದ ಕಂಪನಿಯೊಂದರ ಸರ್ವರಿಗೆ ಸಾಗಿಸಬಲ್ಲವು. ಅಲ್ಲದೆ, ವಿಷಯ ಮಗಳಿಗೆ ಗೊತ್ತಾದ ದಿನದಿಂದ, ಅಪರಿಚಿತನೊಬ್ಬ ಕಾಡಿದರೂ ಅವಳು ನಿಮ್ಮ ಬಳಿ ಬಾಯಿ ಬಿಡದೆ ಹೋಗಬಹುದು. ಗೂಗಲ್‌ನ ಫ್ಯಾಮಿಲಿ ಲಿಂಕ್ ಅವಳಿಗೆ ತಿಳಿದಿದ್ದೇ ಕೆಲಸ ಮಾಡುತ್ತದೆ: ಹೊಸ ಆ್ಯಪ್‌ಗೆ ನಿಮ್ಮ ಅನುಮತಿ ಕೇಳುತ್ತದೆ, ಬಳಕೆಯ ಹೊತ್ತಿಗೆ ಮಿತಿ ಹಾಕುತ್ತದೆ, ಆದರೆ ಸಂದೇಶಗಳನ್ನು ಓದುವುದಿಲ್ಲ. ಈ ವಯಸ್ಸಿಗೆ ಅಷ್ಟು ಸಾಕು.

ಇನ್ನು ಶಾಲೆ. ಮೊಬೈಲ್ ತರಬಾರದೆಂಬ ನಿಯಮ ಸರಿಯಾಗಿಯೇ ಇದೆ, ಅದರ ಬಗ್ಗೆ ತಕರಾರು ಬೇಡ. ಸ್ವಂತ ನಂಬರ್ ಕಡ್ಡಾಯ ಎನ್ನುವುದು ಮಾತ್ರ ಒಪ್ಪತಕ್ಕದ್ದಲ್ಲ, ಏಕೆಂದರೆ ವಾಟ್ಸ್‌ಆ್ಯಪ್‌ನ ಸಾಮಾನ್ಯ ಖಾತೆಗೂ 13 ತುಂಬಿರಬೇಕು. ಕೋವಿಡ್ ಕಾಲದ ಅನಿವಾರ್ಯತೆ ಈಗ ಶಿಕ್ಷಕರಿಗೂ ಬಿಡದ ಅಭ್ಯಾಸವಾಗಿದೆ, ಅಷ್ಟೆ. ಜೊತೆಗೆ, ಸಾಮಾನ್ಯ ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರೂ ಉಳಿದೆಲ್ಲರಿಗೆ ಕಾಣುತ್ತದೆ. ನಲವತ್ತು ಮಕ್ಕಳ ತರಗತಿಯೆಂದರೆ, ಫೋನ್ ಹಂಚಿಕೊಂಡು ಬಳಸುವ ಮನೆಗಳಲ್ಲಿ ಅಣ್ಣಂದಿರು, ಚಿಕ್ಕಪ್ಪಂದಿರು ಯಾರು ಬೇಕಾದರೂ ನಿಮ್ಮ ಮಗಳ ನಂಬರ್ ತೆಗೆದುಕೊಳ್ಳಬಹುದು.

ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆಯಿರಿ, ಸಾಧ್ಯವಾದರೆ ಇನ್ನಿಬ್ಬರು ಮೂವರು ಪೋಷಕರ ಸಹಿಯೂ ಇರಲಿ. ಮಗುವಿನ ಬದಲು ಪೋಷಕರ ನಂಬರನ್ನು ಸೇರಿಸಿಕೊಳ್ಳಲಿ. ಗ್ರೂಪಿನ ಬದಲು ವಾಟ್ಸ್‌ಆ್ಯಪ್ ಕಮ್ಯುನಿಟಿಯ ಪ್ರಕಟಣೆ ವಿಭಾಗವನ್ನು ಬಳಸಲಿ, ಅಲ್ಲಿ ಸದಸ್ಯರಿಗೆ ಪರಸ್ಪರರ ನಂಬರ್ ಕಾಣುವುದಿಲ್ಲ. ಹೋಂವರ್ಕನ್ನು ಕೊನೆಯ ಗಂಟೆ ಬಾರಿಸುವ ಮೊದಲೇ ಡೈರಿಯಲ್ಲಿ ಬರೆಸಲಿ. ನಿಯಮವೇ ತಪ್ಪು ಎಂದು ವಾದಕ್ಕೆ ನಿಲ್ಲುವುದಕ್ಕಿಂತ ಇಂತಹ ಚಿಕ್ಕ, ಖರ್ಚಿಲ್ಲದ ಬದಲಾವಣೆ ಕೇಳಿದರೆ ಶಾಲೆಯವರಿಗೂ ಒಪ್ಪುವುದು ಸುಲಭ. ಫೋನ್ ಇಲ್ಲವೆಂಬ ಕಾರಣಕ್ಕೆ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ ಅವಮಾನಿಸಿದರೆ ಮಾತ್ರ ಸುಮ್ಮನಿರಬೇಡಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ, ಆ ದೂರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಯ್ಯಬಹುದು. ಬಾಯಿಮಾತಿನ ಅಹವಾಲು ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಶಾಲೆಗೆ ಕೊಡುವ ಮೊದಲ ಪತ್ರದ ಪ್ರತಿಯ ಮೇಲೆಯೇ ತಾರೀಖು ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಟ್ಟುಕೊಳ್ಳಿ.