ಏಜೆಂಟರಿದ್ದರೂ ಡ್ರೈ ಐಸ್ ತರಬೇತಿ ನಮಗೇಕೆ?

ಡ್ರೈ ಐಸ್, ಅಂದರೆ ಘನರೂಪದ ಇಂಗಾಲದ ಡೈಆಕ್ಸೈಡ್, ತುಂಬಿದ ಪೆಟ್ಟಿಗೆಗಳನ್ನು ವರ್ಷಕ್ಕೆ ಹತ್ತೋ ಹನ್ನೆರಡೋ ಬಾರಿ ವಿಮಾನದಲ್ಲಿ ಕಳುಹಿಸುವ ಪುಣೆಯ ಪ್ರಯೋಗಾಲಯಕ್ಕೆ ಅದನ್ನು ಪ್ಯಾಕ್ ಮಾಡುವ ತರಬೇತಿಯ ಖರ್ಚು ಬೇಕೆ, ಕಾಗದಪತ್ರವನ್ನೆಲ್ಲ ಸರಕು ರವಾನೆ ಏಜೆಂಟರೇ ನೋಡಿಕೊಳ್ಳುತ್ತಾರಲ್ಲ ಎಂದು ಕೇಳಿದ್ದೀರಿ. ಇದೇ ಮಾತನ್ನು ನಾನೂ ಒಮ್ಮೆ ನಮ್ಮ ಮೇಲಧಿಕಾರಿಗಳಿಗೆ ಹೇಳಿದ್ದೆ.

ಆಗ ನಾನು ಪಿಂಪ್ರಿಯಲ್ಲಿ ಮಾದರಿಗಳ ರವಾನೆ ನೋಡಿಕೊಳ್ಳುತ್ತಿದ್ದೆ. ಕಿಣ್ವಗಳ ಒಂದು ಪೆಟ್ಟಿಗೆ ಮುಂಬೈ ವಿಮಾನ ನಿಲ್ದಾಣದ ಸಹಾರ್ ಕಾರ್ಗೋ ಮೂಲಕ ವಿದೇಶಕ್ಕೆ ಹೋಗಬೇಕಿತ್ತು. 8 ಕೆ.ಜಿ. ಡ್ರೈ ಐಸನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿಗೆ ಗಂಟು ಹಾಕಿದೆ. ಥರ್ಮೋಕೋಲ್ ಡಬ್ಬಿಯ ಮುಚ್ಚಳಕ್ಕೆ ಕಂದು ಟೇಪನ್ನು ಮೂರು ಸುತ್ತು ಸುತ್ತಿದೆ. ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುವಾಗಲೂ ಅಷ್ಟು ಶ್ರದ್ಧೆ ತೋರಿದವನಲ್ಲ. ತಂಪು ಹೊರಹೋಗಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆದರೆ ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ಮೈನಸ್ 78.5 ಡಿಗ್ರಿಯಲ್ಲಿ ನೇರವಾಗಿ ಅನಿಲವಾಗುತ್ತದೆ. ಒಂದು ಕಿಲೋ ಗಡ್ಡೆಯಿಂದ 500 ಲೀಟರಿಗೂ ಮಿಗಿಲಾದ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅದಕ್ಕೆ ದಾರಿ ಬಿಡದಿದ್ದರೆ ಅದು ದಾರಿ ಮಾಡಿಕೊಳ್ಳುತ್ತದೆ. ಲೋಣಾವಳ ಘಾಟಿ ಇಳಿದು ಸಹಾರ್ ತಲುಪುವಷ್ಟರಲ್ಲಿ ರಟ್ಟಿನ ಪೆಟ್ಟಿಗೆಯ ಪಕ್ಕಗಳು ಪೂರಿಯಂತೆ ಉಬ್ಬಿದ್ದವು. ಸ್ವೀಕಾರ ಕೌಂಟರಿನವರು ಅದನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಏನೂ ಬರೆಯದೆ ಹಿಂದಕ್ಕೆ ತಳ್ಳಿದರು. ವಿಮಾನ ತಪ್ಪಿತು, ಕಿಣ್ವಗಳು ಕೆಟ್ಟವು. ವಿಮಾನದೊಳಗೆ ಅದು ಸಿಡಿದಿದ್ದರೆ ಏನಾಗುತ್ತಿತ್ತು ಎಂಬುದು ಆ ರಾತ್ರಿ ಮನೆಗೆ ಮರಳಿದ ಮೇಲಷ್ಟೇ ಹೊಳೆಯಿತು.

ಏಜೆಂಟರ ಕಾಗದಗಳೆಲ್ಲ ಸರಿಯಾಗಿಯೇ ಇದ್ದವು ಎಂಬುದನ್ನು ಗಮನಿಸಿ. ವಿಮಾನ ಸರಕಿನ ರವಾನೆ ಪತ್ರವಾದ ಏರ್ ವೇಬಿಲ್ಲಿನಲ್ಲಿ ಡ್ರೈ ಐಸಿನ ಗುರುತು ಸಂಖ್ಯೆ ಯುಎನ್ 1845, ಪೆಟ್ಟಿಗೆಗಳ ಸಂಖ್ಯೆ, ಡ್ರೈ ಐಸಿನ ನಿವ್ವಳ ತೂಕ, ಪೆಟ್ಟಿಗೆಯ ಮೇಲೆ ಅಪಾಯಕಾರಿ ಸರಕುಗಳ 9ನೆಯ ವರ್ಗದ ಲೇಬಲ್, ಯಾವುದರಲ್ಲೂ ತಪ್ಪಿರಲಿಲ್ಲ. ಅಪಾಯಕಾರಿಯಲ್ಲದ ವಸ್ತುವನ್ನು ತಂಪಾಗಿಡಲು ಮಾತ್ರ ಡ್ರೈ ಐಸ್ ಬಳಸಿದ್ದರಿಂದ ಅಪಾಯಕಾರಿ ಸರಕಿನ ಬಗ್ಗೆ ಕಳುಹಿಸುವವರು ಕೊಡುವ ಘೋಷಣಾಪತ್ರದ ಅಗತ್ಯವೂ ಇರಲಿಲ್ಲ. ಆದರೆ ಪೆಟ್ಟಿಗೆಯನ್ನು ಮುಚ್ಚಿದವನು ನಾನು. ಅನಿಲ ಹೊರಹೋಗಲು ಅವಕಾಶವಿರಬೇಕು ಎಂದು ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ (ಐಎಟಿಎ) ಪ್ಯಾಕಿಂಗ್ ಸೂಚನೆ 954 ಸ್ಪಷ್ಟವಾಗಿ ಹೇಳುತ್ತದೆ. ನಾನು ಅದನ್ನು ಓದಿರಲಿಲ್ಲ.

ಆದ್ದರಿಂದ ಪೆಟ್ಟಿಗೆಗಳ ಸಂಖ್ಯೆಯಿಂದ ಇದನ್ನು ಅಳೆಯಬೇಡಿ. ಅಪರೂಪಕ್ಕೆ ಕಳುಹಿಸುವವರೇ ಹೆಚ್ಚು ಮರೆಯುವವರು. 24 ತಿಂಗಳಿಗೊಮ್ಮೆ ತರಬೇತಿಯನ್ನು ನವೀಕರಿಸಬೇಕೆಂಬ ನಿಯಮವೂ ನನಗೆ ಅತಿಯೆನಿಸುವುದಿಲ್ಲ. ಆನ್‌ಲೈನೋ ತರಗತಿಯೋ ಎಂಬುದು ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆ. ಟೇಪ್ ಹಿಡಿಯುವ ಕೈ ಯಾರದೋ ಅವರನ್ನೇ ಕಳುಹಿಸಿ, ವ್ಯವಸ್ಥಾಪಕರನ್ನಲ್ಲ. ಬೋಧಕರ ಕಣ್ಣೆದುರಿಗೆ ಒಂದು ಪೆಟ್ಟಿಗೆಯನ್ನಾದರೂ ಅವರು ತಾವೇ ಮುಚ್ಚಿ ತೋರಿಸಲಿ.